ಎರಡು ಕಡೆ ಇರುವ ವಿದ್ಯೆ

ಒಂದೇ ಹೊತ್ತಿಗೆ ಎರಡು ಕಡೆ ಇರುವ ವಿದ್ಯೆ ನನಗೆ ಕೊನೆಗೂ ಒಲಿಯಲಿಲ್ಲ. ಪ್ರಯತ್ನ ಮಾಡಿಲ್ಲವೆಂದಲ್ಲ. ಒಮ್ಮೆ ದಾವಣಗೆರೆಯಲ್ಲಿ ಗೆಳೆಯನ ಮದುವೆ, ಬೆಂಗಳೂರಿನ ರಾಜಾಜಿನಗರದಲ್ಲಿ ನಮ್ಮ ಕಾರ್ಖಾನೆಯ ಮ್ಯಾನೇಜರರ ಗೃಹಪ್ರವೇಶ, ಎರಡೂ ಒಂದೇ ದಿನ ಬಿದ್ದವು. ಇಲ್ಲವೆನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ. ಇಬ್ಬರಿಗೂ "ಬರದೇ ಇರ್ತೀನಾ?" ಎಂದುಬಿಟ್ಟೆ. ನಸುಕಿಗೇ ಹೊರಟು ದಾವಣಗೆರೆಯಲ್ಲಿ ಅಕ್ಷತೆ ಹಾಕಿ, ತಿರುಗು ಬಸ್ಸಿಗೆ ಹಾರಿ, ಸಂಜೆಯೊಳಗೆ ರಾಜಾಜಿನಗರದಲ್ಲಿ ಹೋಳಿಗೆ ಊಟಕ್ಕೆ ಕೂರುವುದು ನನ್ನ ಯೋಜನೆ. ಗೆಳೆಯ ತಾಳಿ ಕಟ್ಟುವ ಹೊತ್ತಿಗೆ ನಾನು ತುಮಕೂರು ರಸ್ತೆಯಲ್ಲಿ ಕೆಟ್ಟು ನಿಂತ ಬಸ್ಸಿನ ನೆರಳಲ್ಲಿ ಕಡಲೆಕಾಯಿ ಸುಲಿಯುತ್ತಿದ್ದೆ. ಎರಡು ಕಡೆ ಇರಹೊರಟವನು ಎರಡೂ ಕಡೆ ಇಲ್ಲವಾದೆ. ಗೆಳೆಯ ಮಾತು ಬಿಟ್ಟ. ಮ್ಯಾನೇಜರರು ಆಮೇಲೆ ಬಹಳ ದಿನ ನನ್ನ ರಜೆ ಅರ್ಜಿಯನ್ನು ಕನ್ನಡಕ ಏರಿಸಿಕೊಂಡು ಓದುತ್ತಿದ್ದರು.

ಎಲೆಕ್ಟ್ರಾನಿಗೆ ಈ ಪಾಡಿಲ್ಲ ನೋಡಿ. ಅದರ ಮುಂದೆ ಎರಡು ಕಿಂಡಿ ಇಟ್ಟರೆ ಎರಡರಲ್ಲೂ ಒಟ್ಟಿಗೇ ತೂರಿ ಬಂದಂತೆ ನಡೆದುಕೊಳ್ಳುತ್ತದೆ. ಹೀಗೆ ಒಂದೊಂದಾಗಿ ಬೇಕಾದಷ್ಟು ಬಿಟ್ಟರೆ, ಆಚೆಯ ಪರದೆಯ ಮೇಲೆ ಅವು ಮೂಡಿಸುವ ಚುಕ್ಕೆಗಳೆಲ್ಲ ಸೇರಿ ಪಟ್ಟೆಪಟ್ಟೆಯ ಸೀರೆಯಂತೆ ಕಾಣುತ್ತವೆ. ಒಂದೇ ಕಿಂಡಿಯಲ್ಲಿ ಬಂದವುಗಳಿಂದ ಅಂಥ ಪಟ್ಟೆ ಆಗುವುದು ಸಾಧ್ಯವಿಲ್ಲ. ಆದರೆ ಕಿಂಡಿಯ ಬಳಿ ಯಾರಾದರೂ ಕೂತು "ಯಾವ ಕಡೆಯಿಂದ ಬಂದೆ?" ಎಂದು ವಿಚಾರಿಸಿದರೆ ಮುಗಿಯಿತು. ಎಲೆಕ್ಟ್ರಾನು ಸಭ್ಯಸ್ಥನಂತೆ ಒಂದೇ ಕಿಂಡಿಯಲ್ಲಿ ಬರುತ್ತದೆ, ಪಟ್ಟೆ ಮಾಯವಾಗುತ್ತದೆ. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಇದನ್ನು ಮೊದಲು ಕೇಳಿದ ದಿನ ನಾನು ಮೆಸ್ಸಿನಲ್ಲಿ ಊಟ ಮಾಡುವುದನ್ನೇ ಮರೆತಿದ್ದೆ. ನಮ್ಮ ಜೈನ ತಾರ್ಕಿಕರು ಎಂದೋ "ಇದೆ ಎನ್ನಬಹುದು, ಇಲ್ಲ ಎನ್ನಬಹುದು, ಇದೆಯೂ ಇಲ್ಲವೂ ಎನ್ನಬಹುದು" ಎಂದು ವಾದ ಹೂಡುತ್ತಿದ್ದುದು ನೆನಪಾಗಿ, ಎಲೆಕ್ಟ್ರಾನು ಎಲ್ಲೋ ಶ್ರವಣಬೆಳಗೊಳದ ಕಡೆಯದೇ ಇರಬೇಕು ಎಂದು ಗೆಳೆಯರ ಮುಂದೆ ಹೇಳಿ ನಗೆಪಾಟಲಾದೆ.

ನನ್ನನ್ನು ಕಾಡಿದ ಪ್ರಶ್ನೆ ಬೇರೆಯದು. ನಾನೂ ಎಲೆಕ್ಟ್ರಾನು ಮೊದಲಾದ ಅಂಥ ಪುಡಿಗಳಿಂದಲೇ ಆದವನು. ಕೂತ ಸ್ಟೂಲು, ಕುಡಿದ ಚಹಾದ ಲೋಟ, ಎದುರಿನ ಹುಣಸೆಮರ ಎಲ್ಲವೂ ಅಷ್ಟೆ. ಪುಡಿಪುಡಿಗೆ ಇರುವ ಸ್ವಾತಂತ್ರ್ಯ ಇಡಿಗೆ ಯಾಕಿಲ್ಲ? ಹುಣಸೆಮರ ಒಂದು ದಿನವೂ ರಸ್ತೆಯ ಈಚೆಗೂ ಆಚೆಗೂ ಒಟ್ಟಿಗೆ ನಿಂತದ್ದನ್ನು ನಾನು ಕಂಡಿಲ್ಲ. ಮೇಷ್ಟರನ್ನು ಕೇಳಿದರೆ "ದೊಡ್ಡ ವಸ್ತುಗಳ ವಿಷಯದಲ್ಲಿ ಅದೆಲ್ಲ ನಗಣ್ಯ" ಎಂದು ಡಸ್ಟರಿನಿಂದ ಬೋರ್ಡು ಒರೆಸಿದರು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಪಾಸಾದೆ.

ಕ್ವಾಂಟಮ್ ವಿದ್ಯೆಯನ್ನು ಅರೆದು ಕುಡಿದೆನೆಂದು ಬೀಗುತ್ತಿದ್ದವನಿಗೆ ಕೊನೆಗೆ ಸಿಕ್ಕಿದ ಕೆಲಸ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಬುಷ್ ಎಂಬ, ಯಂತ್ರದೊಳಗೆ ಕೂರುವ ಲೋಹದ ಬಳೆಗಳನ್ನು ಅಳೆಯುವುದು. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಪೀಣ್ಯದ ಗಾಳಿಗೆ ಕೂಲೆಂಟ್ ಎಣ್ಣೆಯ ವಾಸನೆ, ರಸ್ತೆಗಳಲ್ಲಿ ಲೇತಿನ ಸುರುಳಿ ಚೂರು. ಲೇತಿನಿಂದ ಇಳಿದ ತುಂಡುಗಳನ್ನು ಒರೆಸಿ, ಮೈಕ್ರೋಮೀಟರಿನ ದವಡೆಗೆ ಕೊಟ್ಟು, ಸರಿ ಇದ್ದವನ್ನು ಈ ಟ್ರೇಗೆ, ಕೆಟ್ಟವನ್ನು ಆ ಟ್ರೇಗೆ ಹಾಕುವುದು ನನ್ನ ಕಾಯಕ. ಒಂದೇ ಒಂದು ಬುಷ್ಷಾದರೂ ಎರಡೂ ಟ್ರೇಯಲ್ಲಿ ಕಾಣಿಸಿಕೊಂಡು ನನ್ನ ಓದನ್ನು ಸಾರ್ಥಕ ಮಾಡಲಿಲ್ಲ. ವಾಸಕ್ಕೆ ಪಕ್ಕದ ರಾಜಗೋಪಾಲನಗರದ ಒಂದು ವಠಾರದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಮದುವೆ ಇನ್ನೂ ಆಗಿರಲಿಲ್ಲ.

ವಠಾರವೆಂದರೆ ಕೇಳುವವರ ಊರು. ಬೀಗ ತೆಗೆದರೆ "ಈಗ ಬಂದ್ರಾ?" ಬೀಗ ಹಾಕಿದರೆ "ದೂರ ಹೊರಟ್ರಾ?" ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಹೋದ ಕೆಲಸ ಕೆಡುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇದೆಯಲ್ಲ, ಅದಕ್ಕೆ ಈ ಉಪಾಯ. ಎಲ್ಲಿಗೆ ಎಂದು ಕೇಳಿದ ಹಾಗೂ ಇರಬಾರದು, ತಿಳಿಯದೆಯೂ ಉಳಿಯಬಾರದು. ಕೈಯಲ್ಲಿ ಚೀಲ ಕಂಡರೆ ಏನು ತಂದಿರಿ, ಕಾಣದಿದ್ದರೆ ಏನೂ ತರಲಿಲ್ಲವೇ. ಬೆಳಿಗ್ಗೆ ತಿಂಡಿಯದು, ಮಧ್ಯಾಹ್ನ ಊಟದ್ದು, ಸಂಜೆ ಕಾಫಿಯದು. ಬಂದ ಹೊಸತರಲ್ಲಿ ನನಗೆ ಇದು ತಲೆ ಚಿಟ್ಟು ಹಿಡಿಸುತ್ತಿತ್ತು. ವಠಾರದ ಒಡತಿ ಜಯಮ್ಮನವರ ಕಣ್ಣು ತಪ್ಪಿಸಲು ಬೆಕ್ಕಿನಂತೆ ಗೋಡೆ ಸವರಿಕೊಂಡು ಹೋಗುತ್ತಿದ್ದೆ. "ಯಾಕ್ ಸಾರ್, ಒಟ್ಟೆ ಸರಿ ಇಲ್ವಾ? ಗ್ವಾಡೆ ಇಡ್ಕೊಂಡ್ ಓಯ್ತಿದ್ದೀರಲ್ಲಾ" ಎಂದು ಅದಕ್ಕೂ ಒಂದು ಪ್ರಶ್ನೆ ಬರುತ್ತಿತ್ತು.

ಇಂಥ ವಠಾರಕ್ಕೆ ಒಂದು ದಿನ ನನ್ನ ಅಕ್ಕ ಶಿವಲೀಲಾ ಸೂಟ್‌ಕೇಸು ಹಿಡಿದುಕೊಂಡು ಬಂದಳು.

ಅಕ್ಕನನ್ನು ಕೊಟ್ಟದ್ದು ಬ್ಯಾಡಗಿಗೆ. ಭಾವ ಅಲ್ಲಿ ಮೆಣಸಿನಕಾಯಿ ಮಂಡಿಯೊಂದರಲ್ಲಿ ಗುಮಾಸ್ತರು. ಕೆಟ್ಟ ಮನುಷ್ಯರಲ್ಲ. ಕುಡಿತವಿಲ್ಲ, ಬೈಗುಳವಿಲ್ಲ, ಕೈ ಎತ್ತಿದವರಲ್ಲ. ಮಾತೂ ಇಲ್ಲ. ಮಕ್ಕಳಾಗುವುದಿಲ್ಲವೆಂಬುದು ಖಚಿತವಾದ ಮೇಲೆ ಆ ಮನೆಯಲ್ಲಿ ಮಾತು ಬತ್ತುತ್ತ ಹೋಗಿ, ಕೊನೆಗೆ ತಟ್ಟೆ ಇಡುವ, ತಟ್ಟೆ ಎತ್ತುವ ಸದ್ದು ಉಳಿಯಿತು. ಅತ್ತೆ ತಮ್ಮ ಪೂಜೆಯಲ್ಲಿ, ಭಾವ ತಮ್ಮ ಮಂಡಿಯಲ್ಲಿ. ಒಮ್ಮೆ ಜ್ವರ ಬಂದು ಅಕ್ಕ ಒಳಕೋಣೆಯಲ್ಲಿ ಮಲಗಿದಾಗ, ಒಲೆ ಹೊತ್ತಿಲ್ಲವೆಂಬುದರಿಂದಲೇ ಅವಳು ಎದ್ದಿಲ್ಲವೆಂಬುದು ಮನೆಯವರಿಗೆ ಗೊತ್ತಾಯಿತಂತೆ. ಜ್ವರ ಬಿಟ್ಟ ಮೇಲೆ ಎದ್ದು, ಮನೆ ಸಾರಿಸಿ, ರೊಟ್ಟಿ ಬಡಿದು ಮುಚ್ಚಿಟ್ಟು, ಬೆಂಗಳೂರಿನ ಬಸ್ಸು ಹತ್ತಿದ್ದಳು.

"ಹೊಡದಿದ್ರ ಹೇಳಾಕ ಒಂದ್ ಕಾರಣರ ಇರತಿತ್ತು ತಮ್ಮಾ" ಎಂದಳು ಬಂದ ದಿನ. "ಮಂದಿಗೆ ಏನಂತ ಹೇಳ್ಲಿ? ಏನೂ ಆಗಿಲ್ಲ. ಏನೂ ಆಗಿಲ್ಲಂತ ಬಂದೀನಿ ಅಂದ್ರ ನಗತಾರ."

ನಾನು ನಗಲಿಲ್ಲ. ಅಳುವುದಕ್ಕೂ ಬರಲಿಲ್ಲ. ನನಗೆ ಅಕ್ಷರ ತಿದ್ದಿಸಿದವಳು ಅವಳು. ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಊರೆಲ್ಲ ತಿರುಗಿದವಳು. ದಾರಿಯಲ್ಲಿ ಸಿಕ್ಕವರಿಗೆಲ್ಲ "ಹೆಂಗದೀರಿ? ಊಟಾತ್ರ್ಯಾ?" ಎಂದು ತಾನೇ ಮೇಲೆ ಬಿದ್ದು ಮಾತಾಡಿಸುತ್ತಿದ್ದ ಹುಡುಗಿ. ಆ ಹುಡುಗಿಯ ದನಿ ಈಗ ಬಾವಿಯ ತಳದಿಂದ ಬರುತ್ತಿತ್ತು.

ಅವಳಿಗೆ ಇರಲೂ ಬಾರದು, ಹೋಗಲೂ ಬಾರದು. ತಂದ ಸೀರೆಗಳನ್ನು ಸೂಟ್‌ಕೇಸಿನಿಂದ ಹೊರಗಿಡಲಿಲ್ಲ. ಹಾಸಿಗೆಯನ್ನು ಬೆಳಿಗ್ಗೆ ಛತ್ರದಲ್ಲಿ ಇಳಿದುಕೊಂಡವರಂತೆ ಮಡಿಸಿ ಮೂಲೆಗೆ ಇಡುತ್ತಿದ್ದಳು. "ನಾಳೆ ಹೋಗತೀನಿ" ಎನ್ನುವಳು. ನಾಳೆ ಸೋಮವಾರವಾದರೆ ಶಿವನ ವಾರ, ಪ್ರಯಾಣ ಬೇಡ. ಮಂಗಳವಾರ ಕೂಡದು. ಶುಕ್ರವಾರ ಹೆಣ್ಣುಮಗಳು ತವರು ಬಿಟ್ಟು ಹೊರಡಬಾರದು. ಉಳಿದ ದಿನಗಳಲ್ಲಿ ಅಮಾವಾಸ್ಯೆಯೋ ಮೋಡವೋ ಏನೋ ಒಂದು ಅಡ್ಡ ಬರುತ್ತಿತ್ತು. ಅಡ್ಡ ಬಂದದ್ದಕ್ಕೆ ನನಗೆ ಒಳಗೊಳಗೇ ಸಂತೋಷ. ನನ್ನ ಪಾಲಿಗೆ ಅವಳು ಎಷ್ಟು ದಿನವಾದರೂ ಇರಲಿ ಎಂದೇ. ಆದರೆ "ಎಷ್ಟು ದಿನ ಇರ್ತೀ?" ಎಂದು ಬಾಯಿಬಿಟ್ಟು ಕೇಳುವುದು ಹೇಗೆ? ನಮ್ಮಲ್ಲಿ ಆ ಮಾತಿಗೆ "ಯಾವಾಗ ಹೋಗ್ತೀ?" ಎಂದೇ ಅರ್ಥ. ಹೋಗಬೇಡ ಎನ್ನೋಣವೆಂದರೆ, ಅದು ಅವಳ ಸಂಸಾರ ಮುರಿದು ಹಾಕುವ ಮಾತಾದೀತೆಂಬ ಅಂಜಿಕೆ.

ಜಯಮ್ಮನವರಿಗೆ ಮಾತ್ರ ವಿಷಯ ಹೇಳಿದ್ದೆ. ಹೇಳದೆ ವಠಾರದಲ್ಲಿ ಬದುಕುವುದುಂಟೆ? ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಯ್ಯೋ, ಬುಡಿ ಸಾರ್. ಅಕ್ಕೋರ್ನ ಯಾರೂ ಏನೂ ಕೇಳ್ದಂಗೆ ನಾನ್ ನೋಡ್ಕೋತೀನಿ. ನೊಂದ್ ಬಂದವ್ರೆ, ನಮ್ ಬಾಯಿಂದ ಇನ್ನೊಂದ್ ಮಾತ್ ಬ್ಯಾಡ" ಎಂದರು. ಮನೆಮನೆಗೂ ಹೋಗಿ ಹೇಳಿದರು. ಜನ್ಮದಲ್ಲಿ ಒಂದು ಪ್ರಶ್ನೆಯನ್ನೂ ನುಂಗಿಕೊಂಡು ಗೊತ್ತಿರದ ಆ ವಠಾರ, ಅಕ್ಕನಿಗಾಗಿ ಬಾಯಿಗೆ ಬೀಗ ಹಾಕಿಕೊಂಡಿತು. ನನಗೆ ಅವರೆಲ್ಲರ ಕಾಲಿಗೆ ಬೀಳಬೇಕೆನ್ನಿಸಿತು.

ನಲ್ಲಿಯ ವಿಷಯ ಇಲ್ಲಿ ಹೇಳಬೇಕು. ವಠಾರಕ್ಕೆಲ್ಲ ಅಂಗಳದಲ್ಲಿ ಅದೊಂದೇ ನಲ್ಲಿ, ನೀರು ಬರುವುದು ದಿನ ಬಿಟ್ಟು ದಿನ ಬೆಳಿಗ್ಗೆ. ನೀರು ಬರುವ ಮೊದಲೇ ಕೊಡಗಳು ಸಾಲಾಗಿ ಕೂತಿರುತ್ತವೆ, ಯಾರ ಕೊಡ ಎಲ್ಲಿದೆಯೋ ಅದೇ ಅವರ ಪಾಳಿ. ಒಂದು ಕೊಡ ಗೇಣು ಮುಂದೆ ಸರಿದರೂ ಮಹಾಯುದ್ಧ. ಹಬ್ಬದ ದಿನ ಒಬ್ಬರ ಮನೆಯ ಒಬ್ಬಟ್ಟು ಇನ್ನೊಬ್ಬರು ತಿನ್ನುವವರು, ನಲ್ಲಿಯ ಮುಂದೆ ಮಾತ್ರ ಹುಟ್ಟಾ ವೈರಿಗಳು. ಅಂಥಲ್ಲಿ ಅಕ್ಕ ಕೊಡ ಹಿಡಿದು ಹೋದರೆ ಗಲಾಟೆ ಗಪ್ಪನೆ ನಿಲ್ಲುತ್ತಿತ್ತು. "ನೀವ್ ಇಡ್ಕೊಳಿ ಅಕ್ಕ, ನೀವ್ ಮೊದ್ಲು ಇಡ್ಕೊಳಿ" ಎಂದು ಎಲ್ಲರೂ ಹಿಂದೆ ಸರಿಯುವರು. ಅಕ್ಕ ತಲೆ ತಗ್ಗಿಸಿ ತುಂಬಿಕೊಂಡು ಬರುವಳು. ಅವಳು ಒಳಗೆ ಬಂದ ಮೇಲೆ ಹೊರಗೆ ಗಲಾಟೆ ಮತ್ತೆ ಶುರು.

ಒಂದು ದಿನ ಕೊಡ ಇಳಿಸಿ, "ಇಲ್ಲೂ ನನ್ನ ಕೂಡ ಯಾರೂ ಮಾತಾಡೂದಿಲ್ಲಲ್ಲೋ ತಮ್ಮಾ" ಎಂದಳು. ಬ್ಯಾಡಗಿಯ ಮನೆಯಲ್ಲಿ ಉದಾಸೀನದಿಂದ ಆದದ್ದು ಇಲ್ಲಿ ಕರುಣೆಯಿಂದ ಆಗುತ್ತಿತ್ತು. ಅಕ್ಕನಿಗೆ ಎರಡೂ ಒಂದೇ ತೆರನಾಗಿ ಕೇಳುತ್ತಿತ್ತು.

ಅದೇ ದಿನಗಳಲ್ಲಿ ಮಲ್ಲೇಶ್ವರದ ಕಡೆ ಒಂದು ಭಾನುವಾರ ಕನ್ನಡದಲ್ಲಿ ವಿಜ್ಞಾನದ ಉಪನ್ಯಾಸವಿತ್ತು. ಅಕ್ಕನನ್ನು ಒಬ್ಬಳೇ ಬಿಟ್ಟು ಹೋಗಲು ಮನಸ್ಸಾಗದೆ ಕರೆದುಕೊಂಡು ಹೋದೆ. ಬಿಳಿ ಜುಬ್ಬದ ವಯಸ್ಸಾದ ಪ್ರಾಧ್ಯಾಪಕರು, ನಾನು ಧಾರವಾಡದಲ್ಲಿ ಕೇಳಿ ಉತ್ತರ ಸಿಗದೆ ಬಿಟ್ಟ ಪ್ರಶ್ನೆಯನ್ನೇ ಎತ್ತಿಕೊಂಡರು. ದೊಡ್ಡ ವಸ್ತು ಯಾಕೆ ಎರಡು ಕಡೆ ಇರುವುದಿಲ್ಲ? ಅದು ದೊಡ್ಡದಾದದ್ದಕ್ಕೆ ಎನ್ನುವುದು ಅರ್ಧ ಉತ್ತರ, ಅದನ್ನು ಯಾರೂ ಸುಮ್ಮನೆ ಬಿಡುವುದಿಲ್ಲ ಎನ್ನುವುದು ಉಳಿದರ್ಧ ಎಂದರು.

ನನಗೆ ತಿಳಿದಂತೆ ಹೇಳುತ್ತೇನೆ, ತಪ್ಪಿದ್ದರೆ ಅವರದಲ್ಲ. ಒಂದು ಸ್ಟೂಲು ಇದೆ ಎನ್ನಿ. ಅದಕ್ಕೆ ಗಾಳಿಯ ಕಣಗಳು ಕ್ಷಣಕ್ಷಣಕ್ಕೂ ಬಡಿದು ಸಿಡಿಯುತ್ತಿರುತ್ತವೆ. ಬೆಳಕು ಬಿದ್ದು ಚೆದರುತ್ತಿರುತ್ತದೆ. ದೀಪ ಆರಿಸಿದರೂ ಬಿಡುಗಡೆಯಿಲ್ಲ, ಸ್ಟೂಲಿನ ಮೈಯ ಶಾಖವೇ ಹೊರಗೆ ಸೂಸುತ್ತಿರುತ್ತದೆ. ಹೀಗೆ ಬಡಿದುಹೋದ ಕಣ ಒಂದೊಂದೂ ಸ್ಟೂಲು ಎಲ್ಲಿದೆ ಎಂಬ ಸುದ್ದಿಯ ಒಂದು ಚೂರನ್ನು ಹೊತ್ತೊಯ್ಯುತ್ತದೆ. ಇಲ್ಲಿಯೂ ಅಲ್ಲಿಯೂ ಇರಬಹುದೆಂಬ ಆ ನವಿರಾದ ಸಾಧ್ಯತೆ, ಒಳಗೇ ಗುಟ್ಟಾಗಿದ್ದರೆ ತಾನೇ ಪಟ್ಟೆ ಮೂಡಿಸುವುದು? ಗುಟ್ಟು ಗಾಳಿಗೆ, ಬೆಳಕಿಗೆ, ಗೋಡೆಗೆ ಹರಡಿಹೋದ ಮೇಲೆ ಅದನ್ನು ಮತ್ತೆ ಹೆಕ್ಕಿ ಒಟ್ಟು ಮಾಡುವುದು ಯಾರಿಂದಲೂ ಆಗದು. ಪುಟ್ಟ ಎಲೆಕ್ಟ್ರಾನಿಗೆ ಬಡಿಯುವವರು ಕಡಿಮೆ, ಅದು ಗುಟ್ಟು ಕಾಪಾಡಿಕೊಳ್ಳುತ್ತದೆ. ಅದಕ್ಕೂ ವಿಜ್ಞಾನಿಗಳು ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಸದ್ದು ಶಾಖ ತಾಗದಂತೆ ಕಾಯಬೇಕು. ದೊಡ್ಡ ಸ್ಟೂಲಿಗೆ ಆ ಏಕಾಂತ ಎಲ್ಲಿಂದ ಬರಬೇಕು?

ಪ್ರಾಧ್ಯಾಪಕರು ಇನ್ನೂ ಎರಡು ಮಾತು ಹೇಳಿದರು. ವಿಚಾರಿಸುವುದಕ್ಕೆ ಪಂಡಿತನ ಕಣ್ಣೇ ಆಗಬೇಕಿಲ್ಲ, ಒಂದು ಧೂಳಿನ ಕಣ ತಾಗಿದರೂ ಸಾಕು, ಧೂಳಿಗೆ ತಾನು ಕೇಳಿದ್ದು ಏನೆಂದು ತಿಳಿಯಬೇಕಾಗಿಯೂ ಇಲ್ಲ. ಇನ್ನೊಂದು, ಸುದ್ದಿ ಒಬ್ಬರ ಕಿವಿಯಲ್ಲಿ ಇದ್ದರೆ ಅದು ಸುದ್ದಿಯಷ್ಟೆ, ಎಲ್ಲರ ಬಳಿಯೂ ಅದರ ಒಂದೊಂದು ಪ್ರತಿ ಇದ್ದಾಗ ನಾವು ಅದನ್ನು ವಾಸ್ತವ ಎನ್ನುತ್ತೇವೆ. ಹುಣಸೆಮರ ಅಲ್ಲೇ ಇದೆ ಎಂದು ಊರವರೆಲ್ಲ ಒಪ್ಪುವುದು ಹೀಗೆ. ಸಭೆಯಲ್ಲಿ ಯಾರೋ ಎದ್ದು, "ಎರಡೂ ಹೋಗಿ ಒಂದಾಯ್ತು ಸರಿ ಸಾರ್. ಆದ್ರೆ ಎರಡರಲ್ಲಿ ಇದೇ ಯಾಕೆ, ಅದ್ಯಾಕಲ್ಲ?" ಎಂದು ಕೇಳಿದರು. ಮುದುಕರು ನಕ್ಕು, "ಅದು ಮಾತ್ರ ಈ ಲೆಕ್ಕದಿಂದ ಬರೋದಿಲ್ಲಪ್ಪಾ. ಅಲ್ಲಿ ನಾವಿನ್ನೂ ಜಗಳ ಆಡ್ತಾ ಇದೀವಿ" ಎಂದರು. ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದಕ್ಕೆ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ವಾಪಸು ಬರುವಾಗ ಬಸ್ಸಿನ ಕಿಟಕಿಯಾಚೆ ನೋಡುತ್ತ ಅಕ್ಕ, "ಆ ಎಲೆಕ್ಟ್ರಾನ ಪಾಪ. ಗಾಳೀನೂ ತಾಗಸಗೊಡೂದಿಲ್ಲ ಅಂದ್ರ ಹೆಂಗಿರಬೇಕದು?" ಎಂದಳು. ನನ್ನ ಎಂ.ಎಸ್ಸಿ.ಯ ತರಗತಿಯಲ್ಲಿ ಎಲೆಕ್ಟ್ರಾನಿಗಾಗಿ ಮರುಗಿದವರು ಯಾರೂ ಇರಲಿಲ್ಲ. ನಾನು ಟಿಕೆಟನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ.

ವಠಾರದ ತುದಿಯ ಕೋಣೆ ಖಾಲಿ ಬಿದ್ದಿತ್ತು. ಅಲ್ಲಿಗೆ ಬಾಗಲಕೋಟೆ ಕಡೆಯ ರೇಣವ್ವ ಗಂಡನೊಡನೆ ಬಂದಳು. ಇಬ್ಬರೂ ಕಟ್ಟಡದ ಕೆಲಸದವರು. ಬಂದ ಮಾರನೆಯ ದಿನವೇ ನೀರಿನ ಬೆಳಗು. ಜಯಮ್ಮನವರ ಕಟ್ಟಪ್ಪಣೆ ಆಕೆಯ ಕಿವಿಗೆ ಬಿದ್ದಿರಲಿಲ್ಲ. ನಾನು ಬಾಗಿಲ ಬಳಿ ಕಿಟಕಿಗೆ ಕನ್ನಡಿ ಸಿಕ್ಕಿಸಿ ಗಡ್ಡ ಹೆರೆಯುತ್ತಿದ್ದೆ. ಅಕ್ಕ ಕೊಡ ಹಿಡಿದು ಹೋದಳು. ಎಂದಿನಂತೆ ಸಾಲು ಸದ್ದಡಗಿ ಸರಿಯಿತು. ರೇಣವ್ವನ ಕೊಡ ಮುಂದಿನಿಂದ ಎರಡನೆಯದು. ಅವಳು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಲ್ಲಬೇ, ಇದೆಂಥಾ ಪದ್ಧತಿ! ಕತ್ತಲಾಗ ಎದ್ದ್ ಬಂದ್ ಕೊಡಾ ಇಟ್ಟೀನಿ. ಇವ್ರೇನ್ ಬೀಗತೇರೇನು?" ಎಂದವಳು ಅಕ್ಕನ ಕಡೆಗೇ ತಿರುಗಿದಳು. "ಯಕ್ಕಾ, ಯಾವಾಗ ಬಂದ್ರಿ? ಎಷ್ಟ್ ದಿನಾ ಇರಾವ್ರು?"

ಜಯಮ್ಮ "ಏ, ಏ, ಸುಮ್ಕಿರವ್ವಾ" ಎಂದು ಕೈ ಅಡ್ಡ ಹಿಡಿದರು. ನನ್ನ ಕೈಯ ರೇಜರು ಗಲ್ಲದ ಮೇಲೆ ನಿಂತುಬಿಟ್ಟಿತು.

ರೇಣವ್ವನಿಗೆ ನಿಲ್ಲಿಸುವ ಮನಸ್ಸೇ ಇಲ್ಲ. "ಯಾಕ ಸುಮ್ಕಿರ್ಲಿ? ಬಾಳ್ ದಿನ ಇರೂದಿಲ್ಲ, ಹೋಗಾವ್ರು ಅಂದ್ರ ಹಿಡಕೋರಿ ಯಕ್ಕಾ, ನಾ ಏನೂ ಅನ್ನೂದಿಲ್ಲ. ಬೀಗರಿಗೆ ಮೊದಲ ನೀರ ಕೊಡಬೇಕ. ಇಲ್ಲೇ ಇರಾವ್ರು ಅಂದ್ರ ಮಾತ್ರ ಪಾಳಿಗೆ ನಿಂದರಬೇಕ. ಹೇಳ್ರಿ, ಹೋಗಾವ್ರೋ ಇರಾವ್ರೋ?"

ಅಂಗಳದಲ್ಲಿ ನಲ್ಲಿಯ ನೀರು ಸುಮ್ಮನೆ ಕಲ್ಲಿನ ಮೇಲೆ ಸುರಿಯುತ್ತಿತ್ತು. ಒಂದು ಹನಿಗೂ ಜೀವ ಬಿಡುವ ಹೆಂಗಸರು ಅದನ್ನು ನೋಡುತ್ತಲೂ ಇರಲಿಲ್ಲ. ಅಕ್ಕ ರೇಣವ್ವನ ಮುಖವನ್ನು ನೋಡಿದಳು. ನಲ್ಲಿಯನ್ನು ನೋಡಿದಳು. ಆಮೇಲೆ ಬಾಗಿ, ನಲ್ಲಿಯ ಪಕ್ಕಕ್ಕೆ ಇಟ್ಟಿದ್ದ ತನ್ನ ಕೊಡವನ್ನು ಎತ್ತಿಕೊಂಡು, ಸಾಲಿನ ಉದ್ದಕ್ಕೂ ನಡೆದುಹೋಗಿ ಎಲ್ಲಕ್ಕಿಂತ ಕೊನೆಗೆ ಇಟ್ಟಳು.

"ಇಲ್ಲೇ ಇರತೀನಿ" ಎಂದಳು. ಆಮೇಲೆ ಸಾಲಿನತ್ತ ತಿರುಗಿ, "ಮುಂದ ಯಾರರ ನಡಕ ಕೊಡಾ ತಂದಿಟ್ರ ನಾ ಬಿಡಾಕಿ ಅಲ್ಲ, ಈಗ ಹೇಳೀನಿ" ಎಂದು ಸೇರಿಸಿದಳು.

ಗಲ್ಲದ ಮೇಲೆ ಅರ್ಧ ಸೋಪು ಹಾಗೇ ಇಟ್ಟುಕೊಂಡು ನಾನು ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಅಳು ನಿಂತ ಮೇಲೆ, ನನ್ನಂಥ ಅರೆಬೆಂದ ವಿಜ್ಞಾನಿಗೆ ಸಹಜವಾಗಿ, ಮುದುಕರ ಉಪನ್ಯಾಸ ನೆನಪಾಯಿತು. ವಠಾರವೆಲ್ಲ ಸೇರಿ, ಅಕ್ಕನ ಸುತ್ತಲಿಂದ ಗಾಳಿಯನ್ನು ಹೀರಿ ತೆಗೆದಿತ್ತು. ಪ್ರಯೋಗಶಾಲೆಗಳು ಎಷ್ಟೋ ಖರ್ಚು ಮಾಡಿ ಕೊಳವೆಯಲ್ಲಿ ಮಾಡುವುದನ್ನು ಇವರು ಬರೀ ಒಳ್ಳೆಯತನದಿಂದ ಮಾಡಿಬಿಟ್ಟಿದ್ದರು. ಆ ನಿರ್ವಾತದಲ್ಲಿ ಅಕ್ಕ ಇದ್ದೂ ಇರದೆ, ಹೋಗಿಯೂ ಹೋಗದೆ ತೇಲುತ್ತಿದ್ದಳು. ಒಂದು ಧೂಳಿನ ಕಣ ಬಂದು ತಾಗಿತು. ಅದಕ್ಕೆ ತಾನು ಮಾಡಿದ ಉಪಕಾರ ತಿಳಿದಿರಲಿಲ್ಲ, ಅದಕ್ಕೆ ಬೇಕಾದದ್ದು ನೀರು. ಆದರೆ ಒಂದು ಮಾತು ಮಾತ್ರ ಮರೆಯಬಾರದು. ಹೋಗುವವಳೂ ಹೌದು ಇರುವವಳೂ ಹೌದು ಎಂಬುದನ್ನಷ್ಟೇ ಆ ಪ್ರಶ್ನೆ ಮುಗಿಸಿತು. ಎರಡರಲ್ಲಿ ಯಾವುದು ಎಂಬುದನ್ನು ರೇಣವ್ವ ಹೇಳಿಕೊಡಲಿಲ್ಲ, ಜಯಮ್ಮ ಹೇಳಲಿಲ್ಲ, ನಾನಂತೂ ಹೇಳಲೇ ಇಲ್ಲ. ಅದನ್ನು ಅಕ್ಕನೇ ಕೊಡ ಹೊತ್ತುಕೊಂಡು ಹೋಗಿ ಇಟ್ಟು ಬಂದಳು.

ಸಂಜೆ ನಾನು ಕೆಲಸದಿಂದ ಬರುವಾಗ ವಠಾರದ ತಿರುವಿನ ಕಿರಾಣಿ ಅಂಗಡಿಯವರು, "ಅಕ್ಕೋರು ಇಲ್ಲೇ ಇರ್ತಾರಂತಲ್ಲ ಸಾರ್, ಒಳ್ಳೇದಾಯ್ತು. ಅಕ್ಕಿ ಸ್ವಲ್ಪ ಜಾಸ್ತಿ ಕೊಡ್ಲಾ?" ಎಂದರು. ಹಾಲಿನವರಿಗೆ ಗೊತ್ತು, ಇಸ್ತ್ರಿಯವರಿಗೆ ಗೊತ್ತು. ಆ ಒಂದು ಮಾತಿನ ಪ್ರತಿ ಮನೆಮನೆಯಲ್ಲೂ ಇತ್ತು. ನನಗೆ ಚಿಟ್ಟು ಹಿಡಿಸುತ್ತಿದ್ದ ಆ ಹರಡುವಿಕೆ ಅಂದು ಎಷ್ಟು ಹಿತವಾಯಿತೆಂದರೆ, ಗೊತ್ತಿಲ್ಲದ ಒಬ್ಬಿಬ್ಬರಿಗೆ ನಾನೇ ನಿಂತು ಹೇಳಿ ಬಂದೆ. ಇನ್ನು ಅಕ್ಕನೇ ಮನಸ್ಸು ಬದಲಾಯಿಸಿದರೂ, ಇಷ್ಟೆಲ್ಲ ಬಾಯಿಗಳಿಂದ ಆ ಸುದ್ದಿಯನ್ನು ವಾಪಸು ಪಡೆಯುವುದು ಸುಲಭವಿರಲಿಲ್ಲ.

ಆಮೇಲೆ ವಠಾರ ತಡೆಹಿಡಿದ ಪ್ರಶ್ನೆಗಳನ್ನೆಲ್ಲ ಬಡ್ಡಿ ಸಮೇತ ಕೇಳಿತು. ಅಕ್ಕನೂ ಹಿಂದೆ ಬೀಳಲಿಲ್ಲ. ನಮ್ಮ ಕಡೆಯ ಕೆಲಸಗಾರರು ಪೀಣ್ಯದ ಸುತ್ತ ಕೋಣೆ ಹಿಡಿದು ಅನ್ನ ಬೇಯಿಸಿಕೊಂಡು ರೊಟ್ಟಿಗೆ ಹಂಬಲಿಸುತ್ತಿದ್ದರು. ರೇಣವ್ವ ಆ ಸುದ್ದಿ ತಂದಳು, ಅಕ್ಕ ಜೋಳದ ಹಿಟ್ಟು ತರಿಸಿದಳು. ಬೆಳಗಾದರೆ ನಮ್ಮ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸದ್ದು. ರೊಟ್ಟಿ ಒಯ್ಯಲು ಬಂದವರೆಲ್ಲ ಅಕ್ಕನ ಪ್ರಶ್ನೆಗಳಿಗೆ ಉತ್ತರ ಕೊಟ್ಟೇ ಹೋಗಬೇಕು. ಯಾವ ಊರು, ಅವ್ವ ಹೇಗಿದ್ದಾಳೆ, ಮುಖ ಯಾಕೆ ಇಳಿದಿದೆ. ನಲ್ಲಿಯ ಬಳಿ ಅವಳ ದನಿಯೇ ಎಲ್ಲರಿಗಿಂತ ಮೇಲೆ. ಕೆಲವು ದಿನ ಅದನ್ನು ಕೇಳಿ ನನಗೇ ನಾಚಿಕೆಯಾಗುತ್ತಿತ್ತು, ಅಷ್ಟು ಚೆನ್ನಾಗಿ ಜಗಳವಾಡುತ್ತಿದ್ದಳು.

ಭಾವ ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ಗೇಟಿನ ಬಳಿ ಕೈಯಲ್ಲಿ ಟೋಪಿ ಹಿಡಿದುಕೊಂಡು ನಿಂತಿದ್ದರು. ಮೈ ಇಳಿದುಹೋಗಿತ್ತು. ನಾನು ಎದ್ದು ಹೋಗುವಷ್ಟರಲ್ಲಿ ವಠಾರ ಅವರನ್ನು ಸುತ್ತುವರಿದಿತ್ತು.

"ಯಾರ್ ಬೇಕಾಗಿತ್ತು?" ಎಂದರು ಜಯಮ್ಮ.

"ನಮ್ಮ ಮನಿಯಾಕಿ... ಶಿವಲೀಲಾ ಅಂತ. ಇಲ್ಲೆ ತಮ್ಮನ ಮನಿಗೆ ಬಂದಾಳ."

"ಬಂದವ್ರಲ್ಲ, ಇಲ್ಲೇ ಅವ್ರೆ" ಎಂದು ಜಯಮ್ಮ ತಿದ್ದಿದರು. "ಇಲ್ಲಿಯವ್ರೇ ಅವರು" ಎಂದಿತು ಪಕ್ಕದ ಬಾಗಿಲು. "ಹೂಂ, ಇಲ್ಲೇ ಇರೋದು" ಎಂದಿತು ಎದುರು ಬಾಗಿಲು. ನಾನು ಉತ್ತರ ಕೊಡುವುದಕ್ಕೆ ಏನೂ ಉಳಿದಿರಲಿಲ್ಲ. ಭಾವ ಒಂದೊಂದು ಬಾಗಿಲಿನತ್ತಲೂ ತಿರುಗಿ ನೋಡಿದರು. ಕುಡಿಯಲು ನೀರು ಬಂತು, ಅದರ ಹಿಂದೆಯೇ ರಾತ್ರಿ ಬಸ್ಸೋ ಬೆಳಗಿನದೋ, ಮೆಣಸಿನಕಾಯಿ ಧಾರಣೆ ಹೇಗಿದೆ, ನಿಮ್ಮ ತಾಯಿಯವರು ಆರೋಗ್ಯವೇ ಎಂದು ಪ್ರಶ್ನೆಗಳು ಬಂದವು. ಅವರನ್ನು ಯಾರಾದರೂ ಇಷ್ಟು ಮಾತಾಡಿಸಿ ಎಷ್ಟು ಕಾಲವಾಗಿತ್ತೋ. ಮೊದಲು ತಡವರಿಸಿದವರು, ತಾಯಿಯ ಮಂಡಿನೋವಿನ ಬಗ್ಗೆ ಜಯಮ್ಮನವರಿಗೆ ವಿವರವಾಗಿಯೇ ಹೇಳಿದರು. ನೋಡುತ್ತ ನಿಂತ ನನಗೆ ಅವರ ಮೇಲಿದ್ದ ಸಿಟ್ಟು ಇಳಿಯಿತು. ಆ ಮನೆಯಲ್ಲಿ ಯಾರೂ ಕೇಳದೆ ಉಳಿದವಳು ಅಕ್ಕ ಒಬ್ಬಳೇ ಆಗಿರಲಿಲ್ಲ.

ಒಳಗೆ ಅಕ್ಕ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಅವರು ಉಂಡರು. ಕೈ ತೊಳೆದು, ಗೋಡೆ ನೋಡುತ್ತ, "ಹೋಗೂಣಲ್ಲ?" ಎಂದರು.

"ಇಲ್ರಿ. ನಾ ಬರೂದಿಲ್ಲ" ಎಂದಳು ಅಕ್ಕ. ದನಿ ಗಟ್ಟಿಯಿತ್ತು, ಸಿಟ್ಟಿರಲಿಲ್ಲ.

ಭಾವ ತಲೆಯಾಡಿಸಿದರು. ಟೋಪಿ ಹಾಕಿಕೊಂಡು ಎದ್ದರು. ಅಕ್ಕ ಹೊಸ್ತಿಲವರೆಗೆ ಹೋದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವರನ್ನು ಬಸ್ ಸ್ಟಾಪಿಗೆ ಬಿಡಲು ಹೊರಟೆ. ಅಂಗಳದ ನಡುವೆ ಅವರು ನಿಂತರು. ತಿರುಗಿದರು. ಏನನ್ನೋ ಬಹಳ ದೂರದಿಂದ ಹೊತ್ತು ತಂದವರಂತೆ ಅವರು ಕೇಳಿದರು.

"ಹೆಂಗದೀ?"

ಬಂದ ಕೂಡಲೇ ಕೇಳಬೇಕಾದ ಮಾತನ್ನು ಅವರು ಹೊರಡುವಾಗ ಕೇಳುತ್ತಿದ್ದರು. ಅದಕ್ಕೆ ನಮ್ಮ ಕಡೆ "ಆರಾಮದೀನ್ರಿ", ಆರಾಮವಾಗಿ ಇದ್ದೇನೆ, ಎನ್ನುವುದು ರೂಢಿ. ಅಕ್ಕ ಬಾಗಿಲ ಚೌಕಟ್ಟಿಗೆ ಕೈ ಊರಿ, ಹಿಟ್ಟು ಮೆತ್ತಿದ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. ಆರಾಮ ಎನ್ನಲಿಲ್ಲ.

"ಅದೀನ್ರಿ" ಎಂದಳು.